ಬಿಸ್ಕತ್ತು ಕೆಟ್ಟಾಗ ಅಳತೆ ತಿದ್ದುವ ಮೊದಲು: ಮಲೆನಾಡಿನ ಅಡುಗೆಮನೆಗೆ ದೋಷ ನಿವಾರಣೆ ಕೈಪಿಡಿ

ಅದೇ ಮೈದಾ, ಅದೇ ತುಪ್ಪ, ಅದೇ ಲೋಟ. ಏಪ್ರಿಲ್‌ನಲ್ಲಿ ಮಾಡಿದ ನಾನ್‌ಖಟಾಯಿ ಟ್ರೇ ತುಂಬಾ ಹರಡಿಕೊಳ್ಳುತ್ತದೆ. ಪುನರ್ವಸು ಮಳೆಯಲ್ಲಿ ಮಾಡಿದ್ದು ಮಾರನೇ ದಿನಕ್ಕೇ ಮೆತ್ತಗಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಉಂಡೆ ಕಟ್ಟುವಾಗಲೇ ಬಿರಿಯುತ್ತದೆ. ಅಳತೆ ಒಂದೇ ಇದ್ದು ಫಲ ಬೇರೆ ಬೇರೆ ಬಂದರೆ ತಪ್ಪು ಅಳತೆಯದ್ದು ಆಗಿರಲಾರದು ಅಲ್ವಾ? ಆದರೂ ಬಿಸ್ಕತ್ತು ಕೆಟ್ಟ ಕೂಡಲೇ ಎಲ್ಲರ ಕೈ ಹೋಗುವುದು ಅಳತೆಗೇ. ತುಪ್ಪ ಕಡಿಮೆ ಮಾಡುತ್ತಾರೆ, ಮೈದಾ ಜಾಸ್ತಿ ಹಾಕುತ್ತಾರೆ, ಸೋಡಾ ಇನ್ನೊಂದು ಚಿಟಿಕೆ ಸೇರಿಸುತ್ತಾರೆ. ಮುಂದಿನ ಸಲ ಅದು ಬೇರೆ ರೀತಿಯಲ್ಲಿ ಕೆಡುತ್ತದೆ. ಆಮೇಲೆ ಮೊದಲಿನ ಕಾರಣ ಯಾವುದು, ನಾವೇ ತಂದುಕೊಂಡ ಕಾರಣ ಯಾವುದು ಅಂತ ಗೊತ್ತಾಗುವುದೇ ಇಲ್ಲ.

ನಮ್ಮ ಕಡೆ ಮೊದಲು ಮೂರು ಕಡೆ ನೋಡಬೇಕು: ಗಾಳಿಯ ತೇವ, ತುಪ್ಪದ ಬಿಸಿ, ಮನೆಗೆ ಬರುವ ಕರೆಂಟು. ಹೆಚ್ಚಿನ ದೋಷಗಳು ಇಲ್ಲೇ ಸಿಗುತ್ತವೆ. ಮೊಬೈಲ್‌ನಲ್ಲಿ ನೋಡಿ ಕಲಿಯುವ ಎಷ್ಟೋ ರೆಸಿಪಿಗಳು ಒಣ ಹವೆಯ ಊರಿನ ಅಡುಗೆಮನೆಯಲ್ಲಿ ಹುಟ್ಟಿದವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣದೊಂದು ಪಾಲು ಅಷ್ಟೆ. ಅಂದರೆ ಒಂದೇ ಜಿಲ್ಲೆಯೊಳಗೆ, ಶಿವಮೊಗ್ಗದಲ್ಲಿ ಸರಿಬಂದದ್ದು ತೀರ್ಥಹಳ್ಳಿ ದಾಟಿದ ಮೇಲೆ ಬರದೇ ಇರಬಹುದು. ಅದು ಮಾಡಿದವರ ಕೈಗುಣದ ಮಾತಲ್ಲ.

ಅಂದಹಾಗೆ, "ನಮ್ಮದು ಎತ್ತರದ ಊರು, ಅದಕ್ಕೇ ಕೇಕ್ ಕುಸಿಯುತ್ತೆ" ಅಂತ ಹೇಳುವವರಿದ್ದಾರೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಬೇಕಿಂಗ್‌ನಲ್ಲಿ ಎತ್ತರಕ್ಕೆ ತಕ್ಕ ಹಾಗೆ ಅಳತೆ ಬದಲಿಸಬೇಕಾಗುವುದು ಸಾಮಾನ್ಯವಾಗಿ 900-1,000 ಮೀಟರ್ ದಾಟಿದ ಮೇಲೆ. ಆ ಅನುಮಾನ ಬಿಟ್ಟುಬಿಡಿ.

ಹೋಲಿಸಿ ನೋಡಲು ಒಂದು ಅಳತೆ

ದೋಷ ಹುಡುಕಬೇಕಾದರೆ ಕದಲದ ಒಂದು ಅಳತೆ ಕೈಯಲ್ಲಿರಬೇಕು. ಇಲ್ಲಿ ನಾನ್‌ಖಟಾಯಿಯನ್ನೇ ಇಟ್ಟುಕೊಳ್ಳೋಣ. ಇದು ಸುಲಭ, ಮೊಟ್ಟೆ ಬೇಡ, ಒಂದೇ ತುತ್ತಿಗೆ ಬಾಯಿಗೆ ಹೋಗುತ್ತದೆ. ಕೆಟ್ಟರೂ ಯಾಕೆ ಕೆಟ್ಟಿತು ಅನ್ನುವುದನ್ನು ಚೆನ್ನಾಗಿ ತೋರಿಸುತ್ತದೆ.

ಮೈದಾ 125 ಗ್ರಾಂ, ಕಡಲೆಹಿಟ್ಟು 25 ಗ್ರಾಂ, ಚಿರೋಟಿ ರವೆ 20 ಗ್ರಾಂ, ಸಕ್ಕರೆ ಪುಡಿ 65 ಗ್ರಾಂ, ತುಪ್ಪ 95 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ, ಏಲಕ್ಕಿ, ಚೂರು ಉಪ್ಪು. ತುಪ್ಪ ಮತ್ತು ಸಕ್ಕರೆ ಪುಡಿಯನ್ನು ಬೆಳ್ಳಗೆ ಹಗುರ ಆಗುವ ತನಕ ತಿಕ್ಕಿ. ಉಳಿದದ್ದನ್ನು ಜರಡಿ ಹಿಡಿದು ಸೇರಿಸಿ. ಚಪಾತಿ ಹಿಟ್ಟಿನ ಥರ ನಾದಬೇಡಿ, ಒಟ್ಟು ಮಾಡಿದರೆ ಸಾಕು. 15 ಗ್ರಾಂನ ಉಂಡೆಗಳು 20ರ ಆಸುಪಾಸು ಆಗುತ್ತವೆ. ಮೊದಲೇ ಕಾಯಿಸಿದ ಓವನ್‌ನಲ್ಲಿ 165 ಡಿಗ್ರಿಯಲ್ಲಿ 16ರಿಂದ 18 ನಿಮಿಷ.

ಗ್ರಾಂ ಲೆಕ್ಕ ಯಾಕೆ ಅಂದರೆ, ಒಂದು ಕಪ್ ಮೈದಾ ಚಮಚದಲ್ಲಿ ಹಗುರವಾಗಿ ತುಂಬಿದರೆ 120 ಗ್ರಾಂ, ಡಬ್ಬಿಗೇ ಕಪ್ ಅದ್ದಿ ಒತ್ತಿ ತೆಗೆದರೆ 150ರ ತನಕ ಹೋಗುತ್ತದೆ. 30 ಗ್ರಾಂ ವ್ಯತ್ಯಾಸ ಈ ಅಳತೆಗೆ ಸಣ್ಣದಲ್ಲ. ಸಣ್ಣ ಡಿಜಿಟಲ್ ತಕ್ಕಡಿ ಒಂದಿದ್ದರೆ ಅರ್ಧ ಅನುಮಾನ ಅಲ್ಲೇ ಮುಗಿಯಿತು.

ಒಂದೇ ಒಂದು ಬೇಯಿಸಿ ನೋಡಿ

ಚಕ್ಕುಲಿ ಮಾಡುವಾಗ ಮೊದಲು ಒಂದನ್ನು ಎಣ್ಣೆಗೆ ಬಿಟ್ಟು ನೋಡುತ್ತೇವಲ್ಲ, ಬಿಸ್ಕತ್ತಿಗೂ ಹಾಗೇ ಮಾಡಬೇಕು. ಹಿಟ್ಟು ತಯಾರಾದ ಮೇಲೆ ಒಂದೇ ಉಂಡೆ ಟ್ರೇ ನಡುವೆ ಇಟ್ಟು ಬೇಯಿಸಿ. ಉಳಿದ ಹಿಟ್ಟು ಫ್ರಿಜ್‌ನಲ್ಲಿರಲಿ. 18 ನಿಮಿಷ, ಆಮೇಲೆ ಆರಲು 10 ನಿಮಿಷ. ಕರೆಂಟು ದಂಡ ಅಂತ ಅನ್ನಿಸಬಹುದು. ಆದರೆ ಇಡೀ ಟ್ರೇ ಕೆಟ್ಟರೆ ತುಪ್ಪವೂ ಹೋಯಿತು, ಕರೆಂಟೂ ಹೋಯಿತು.

ಆ ಒಂದು ಬಿಸ್ಕತ್ತನ್ನು ಕೈಯಲ್ಲಿ ಹಿಡಿದು ಓದಬೇಕು. ಮೊದಲು ತಿರುಗಿಸಿ ತಳ ನೋಡಿ: ತಿಳಿ ಕಂದು ಇದ್ದರೆ ಸರಿ, ಬಿಳಿ ಇದ್ದರೆ ಬಿಸಿ ಸಾಲದು, ಕಪ್ಪಗಿದ್ದರೆ ಓವನ್ ಕಾಯಿಸುವ ಕೆಳಗಿನ ಕಾಯಿಲ್ ಹತ್ತಿರವಾಯಿತು. ಆಮೇಲೆ ಅಂಚು: ದುಂಡಗೆ ನಿಂತಿದೆಯೋ, ತೆಳ್ಳಗೆ ಹರಿದಿದೆಯೋ? ಕೊನೆಗೆ ನಡುವೆ ಮುರಿಯಿರಿ. ಒಳಗೆ ಒಂದೇ ಬಣ್ಣದ ಒಣ ಪುಡಿ ಕಾಣಬೇಕು. ನಡುವೆ ಕಡುಬಣ್ಣದ, ಜಿಡ್ಡುಜಿಡ್ಡಾದ ಒಂದು ಚುಕ್ಕೆ ಉಳಿದಿದ್ದರೆ ಅದು ಇನ್ನೂ ಬೇಯದ ಹಿಟ್ಟು. ಮೇಲೆ ಸಣ್ಣ ಬಿರುಕು ಬಂದಿದ್ದರೆ ಚಿಂತೆ ಬೇಡ. ನಾನ್‌ಖಟಾಯಿಗೆ ಅದು ಇರಬೇಕಾದ್ದೇ.

ಬದಲಾವಣೆ ಮಾಡುವಾಗ ಒಂದು ಸಲಕ್ಕೆ ಒಂದೇ. ತುಪ್ಪವನ್ನೂ ಬದಲಿಸಿ, ಡಿಗ್ರಿಯನ್ನೂ ಏರಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಹರಡಿಕೊಂಡು ಚಪ್ಪಟೆಯಾದರೆ

ಬೇಸಿಗೆಯಲ್ಲಿ ಎಲ್ಲರೂ ಹೇಳುವ ದೂರು ಇದು. ತುಪ್ಪ ಸುಮಾರು 30 ಡಿಗ್ರಿ ದಾಟುತ್ತಿದ್ದಂತೆ ಕರಗಲು ಶುರುವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ 35 ದಾಟುವುದು ಮಾಮೂಲಿ. ಅಂದರೆ ಶೆಲ್ಫ್ ಮೇಲಿನ ತುಪ್ಪ ಆಗಲೇ ಎಣ್ಣೆಯಾಗಿದೆ. ಕರಗಿದ ತುಪ್ಪವನ್ನು ಎಷ್ಟು ತಿಕ್ಕಿದರೂ ಗಾಳಿ ಹಿಡಿಯುವುದಿಲ್ಲ. ಉಂಡೆ ಓವನ್‌ಗೆ ಹೋದ ಕೂಡಲೇ, ಹಿಟ್ಟು ಗಟ್ಟಿಯಾಗುವ ಮೊದಲೇ ತುಪ್ಪ ಹರಿದುಬಿಡುತ್ತದೆ.

ತುಪ್ಪದ ಬಟ್ಟಲನ್ನು 15-20 ನಿಮಿಷ ಫ್ರಿಜ್‌ನಲ್ಲಿಟ್ಟು ಹೊರಗೆ ತೆಗೆಯಿರಿ. ಹರಳು ಕಟ್ಟಿ, ಬೆರಳಿನಿಂದ ಒತ್ತಿದರೆ ಗುಳಿ ಉಳಿಯುವಷ್ಟು ಮೆತ್ತಗಿರಬೇಕು. ಕಲ್ಲಾಗಿದ್ದರೂ ಪ್ರಯೋಜನವಿಲ್ಲ. ಹಿಟ್ಟು ಕಲಸಿದ ಮೇಲೆ ಉಂಡೆ ಕಟ್ಟಿ, ಟ್ರೇ ಸಮೇತ ಇನ್ನೊಂದು 20-30 ನಿಮಿಷ ತಣ್ಣಗಿಡಿ. ಓವನ್‌ಗೆ ಹಾಕುವ ಮೊದಲು ಒಂದು ಉಂಡೆ ಮುಟ್ಟಿ ನೋಡಿ: ಬೆರಳಿಗೆ ಜಿಡ್ಡು ಹತ್ತಿ ಹೊಳೆದರೆ ಇನ್ನೂ ಹೊತ್ತು ಬೇಕು.

ಹರಡಿದ್ದೆಲ್ಲ ತುಪ್ಪದ್ದೇ ತಪ್ಪು ಅಂತ ತೀರ್ಮಾನಿಸಬೇಡಿ. ಅಂಚು ತೆಳ್ಳಗೆ ಕಂದಾಗಿ ಬಲೆಯ ಹಾಗೆ ಕಂಡರೆ ತುಪ್ಪ ಅಥವಾ ಸಕ್ಕರೆ ಜಾಸ್ತಿ. ಇಡೀ ಬಿಸ್ಕತ್ತು ಬೆಳ್ಳಗಿದ್ದು ಚಪ್ಪಟೆಯಾಗಿದ್ದರೆ ಓವನ್ ಕಾದಿರಲಿಲ್ಲ. ಮೇಲೆ ತೂತುಗಳು ಬಿದ್ದು ಕುಸಿದಿದ್ದರೆ ಸೋಡಾ ಜಾಸ್ತಿಯಾಗಿದೆ. ಮೊದಲ ಟ್ರೇ ಸರಿಬಂದು ಎರಡನೆಯದು ಮಾತ್ರ ಹರಡಿದರೆ, ಬಿಸಿ ಟ್ರೇ ಮೇಲೇ ಹೊಸ ಉಂಡೆ ಇಟ್ಟಿದ್ದೀರಿ. ಟ್ರೇಯನ್ನು ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಬೇಡಿ, ತೆಳು ಟ್ರೇ ಸೊಟ್ಟಗಾಗುತ್ತದೆ. ಎರಡು ಟ್ರೇ ಇಟ್ಟುಕೊಳ್ಳುವುದೇ ಒಳ್ಳೆಯದು. ಟ್ರೇಗೆ ತುಪ್ಪ ಸವರುವ ಅಗತ್ಯವೂ ಇಲ್ಲ. ಹಿಟ್ಟಿನಲ್ಲೇ ಬೇಕಾದಷ್ಟಿದೆ. ಸವರಿದರೆ ಜಾರಿ ಹರಡಲು ದಾರಿ ಮಾಡಿಕೊಟ್ಟ ಹಾಗೆ.

ಸಕ್ಕರೆಯನ್ನು ಮನೆಯಲ್ಲೇ ಮಿಕ್ಸಿಗೆ ಹಾಕಿ ಪುಡಿ ಮಾಡಿದ್ದರೆ ಜರಡಿ ಹಿಡಿಯದೆ ಬಳಸಬೇಡಿ. ಉಳಿದ ಹರಳು ಓವನ್‌ನಲ್ಲಿ ಕರಗಿ ಹರಿಯುತ್ತದೆ. ಅಂಗಡಿಯ ಐಸಿಂಗ್ ಶುಗರ್‌ನಲ್ಲಿ ಸಾಮಾನ್ಯವಾಗಿ ಚೂರು ಮೆಕ್ಕೆಜೋಳದ ಗಂಜಿಪುಡಿ (ಕಾರ್ನ್‌ಫ್ಲೋರ್) ಸೇರಿರುತ್ತದೆ, ಅದರಿಂದ ಮಾಡಿದ್ದು ಸ್ವಲ್ಪ ಕಡಿಮೆ ಹರಡುತ್ತದೆ.

ತುಪ್ಪದ ಬದಲು ಬೆಣ್ಣೆ ಹಾಕುವವರಿಗೆ ಒಂದು ಮಾತು. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಶೇ 80ರಷ್ಟು, ನೀರು ಶೇ 16ರ ಹತ್ತಿರ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ, ಸರಿಯಾಗಿ ಹಿಂಡದಿದ್ದರೆ, ನೀರು ಇನ್ನೂ ಜಾಸ್ತಿ. ತುಪ್ಪದಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 100 ಗ್ರಾಂ ತುಪ್ಪಕ್ಕೆ ಬದಲಾಗಿ 120 ಗ್ರಾಂ ಬೆಣ್ಣೆ ಬೇಕಾಗುತ್ತದೆ, ಬೇಯಲು ಒಂದೆರಡು ನಿಮಿಷವೂ ಜಾಸ್ತಿ. ಬೆಣ್ಣೆಯದ್ದು ಬೇರೆಯೇ ರುಚಿ, ನಿಜ. ಮಳೆಗಾಲಕ್ಕೆ ಮಾತ್ರ ನಾನು ತುಪ್ಪದ ಪರವೇ.

ಚಳಿಗಾಲದ್ದು ಇದರ ತಿರುಗುಮುರುಗು. ತುಪ್ಪ ಗಟ್ಟಿಯಾಗಿ ಹಿಟ್ಟು ಒಗ್ಗೂಡುವುದಿಲ್ಲ, ಉಂಡೆ ಒತ್ತಿದಾಗ ಅಂಚೆಲ್ಲ ಬಿರಿಯುತ್ತದೆ. ತಕ್ಷಣ ಹಾಲು ಸುರಿಯಬೇಡಿ. ಹಿಟ್ಟನ್ನು ಅಂಗೈ ಬಿಸಿಯಲ್ಲಿ ಒಂದು ನಿಮಿಷ ಒತ್ತಿ ನೋಡಿ. ಆಗಲೂ ಕೂಡದಿದ್ದರೆ ಒಂದೇ ಟೀ ಚಮಚ ಹಾಲು.

ಮೆತ್ತಗಾದರೆ

ಮಲೆನಾಡಿನವರಿಗೆ ದೊಡ್ಡ ತಲೆನೋವು ಇದೇ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲ ಪ್ರಶ್ನೆ: ಯಾವಾಗ ಮೆತ್ತಗಾಯಿತು? ಪೂರ್ತಿ ಆರಿದ ಮೇಲೂ ಮೊದಲಿನಿಂದಲೇ ಮೆತ್ತಗಿದ್ದರೆ ಬೆಂದಿಲ್ಲ. ಆರಿದಾಗ ಗರಿಗರಿ ಇದ್ದು ಆಮೇಲೆ ಮೆತ್ತಗಾದರೆ ಬೇಯಿಸಿದ್ದು ಸರಿಯಾಗಿದೆ, ಇಟ್ಟ ರೀತಿಯಲ್ಲಿ ಎಡವಟ್ಟಾಗಿದೆ. ಇವೆರಡರ ಮದ್ದು ಬೇರೆ ಬೇರೆ. ಓವನ್‌ನಿಂದ ಆಗಷ್ಟೇ ತೆಗೆದ ಬಿಸ್ಕತ್ತು ಯಾವತ್ತೂ ಮೆತ್ತಗೇ ಇರುತ್ತದೆ ಅನ್ನುವುದು ನೆನಪಿರಲಿ. ಬಿಸಿಯಲ್ಲಿ ಮುಟ್ಟಿ ನೋಡಿ "ಬೆಂದಿಲ್ಲ" ಅಂತ ಮತ್ತೆ ಒಳಗೆ ತಳ್ಳಿದರೆ ಆರಿದಾಗ ಅದು ಹಲ್ಲಿಗೇ ಸವಾಲು.

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು.

"ಅಕ್ಕಾ, ತುಪ್ಪ ಜಾಸ್ತಿ ಆಯ್ತು ಅನ್ಸುತ್ತೆ. ಎಲ್ಲಾ ಮೆತ್ತಗಾಗಿದೆ ನೋಡಿ."

"ಯಾವಾಗ ಮಾಡಿದ್ದು?"

"ನಿನ್ನೆ ಸಂಜೆ. ಓವನ್‌ನಿಂದ ತೆಗೆದು ಸ್ವಲ್ಪ ಹೊತ್ತಿಗೆ ಒಂದು ತಿಂದೆ, ಚೆನ್ನಾಗೇ ಇತ್ತು."

ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿದೆ. ಒಳಗಡೆ ಸಣ್ಣ ಸಣ್ಣ ಹನಿ ಕಟ್ಟಿತ್ತು. ಮೇಲಿನ ಸಾಲಿನ ಬಿಸ್ಕತ್ತುಗಳ ತಲೆ ಮೇಲೆ ಆ ಹನಿ ಬಿದ್ದ ಗುರುತು, ಅಲ್ಲಷ್ಟೇ ಬಣ್ಣ ಕಡುವಾಗಿತ್ತು. ತಳದ ಸಾಲಿನದು ಇನ್ನೂ ಅಷ್ಟೊಂದು ಕೆಟ್ಟಿರಲಿಲ್ಲ.

"ಬಿಸಿ ಇರುವಾಗಲೇ ತುಂಬಿದ್ಯಾ?"

"ಹ್ಞೂಂ ಅಕ್ಕಾ. ಹೊರಗಿಟ್ಟರೆ ಇರುವೆ ಬರುತ್ತೆ ಅಂತ."

ಇರುವೆ ಭಯ ಸುಳ್ಳಲ್ಲ. ಆದರೆ ಬಿಸಿ ಬಿಸ್ಕತ್ತಿನಿಂದ ಹೊರಟ ಹಬೆಗೆ ಡಬ್ಬಿಯಿಂದ ಹೊರಗೆ ಹೋಗಲು ದಾರಿ ಇಲ್ಲ. ತಣ್ಣನೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಬಿಸ್ಕತ್ತಿನ ಮೇಲೇ ಬೀಳುತ್ತದೆ. ಇರುವೆಗೆ ಬೇರೆ ಉಪಾಯ ಇದೆ: ಅಗಲ ತಟ್ಟೆಯಲ್ಲಿ ಒಂದು ಬೆರಳು ನೀರು, ಅದರ ನಡುವೆ ಬಟ್ಟಲು ಬೋರಲು ಹಾಕಿ, ಬಟ್ಟಲ ಮೇಲೆ ಜಾಲರಿ ಇಟ್ಟು ಬಿಸ್ಕತ್ತು ಆರಲು ಬಿಡಿ. ಅವಳ ತುಪ್ಪದ ಅಳತೆ ಸರಿಯಾಗೇ ಇತ್ತು. ಅದನ್ನು ಕಡಿಮೆ ಮಾಡಿದ್ದರೆ ಮುಂದಿನ ಸಲ ಗಟ್ಟಿ ಬಿಸ್ಕತ್ತು ಸಿಗುತ್ತಿತ್ತು, ಅದೂ ಮೆತ್ತಗಾಗುತ್ತಿತ್ತು.

ಮೆತ್ತಗಾದದ್ದನ್ನು ಎಸೆಯಬೇಡಿ. 140-150 ಡಿಗ್ರಿಯಲ್ಲಿ 6ರಿಂದ 8 ನಿಮಿಷ ಇಟ್ಟು, ಪೂರ್ತಿ ಆರಿಸಿ. ಮೊದಲಿನ ಗರಿ ಬಹುಪಾಲು ವಾಪಸ್ ಬರುತ್ತದೆ. ಅವಳ ಡಬ್ಬಿಯೂ ಹಾಗೇ ಉಳಿಯಿತು.

ಆದರೆ ಜಡಿಮಳೆಯ ದಿನ ಇನ್ನೊಂದು ತೊಡಕು. ಬಿಸಿ ಇರುವಾಗ ಮುಚ್ಚಿದರೆ ಒಳಗಿನ ಹಬೆ, ಗಂಟೆಗಟ್ಟಲೆ ತೆರೆದಿಟ್ಟರೆ ಹೊರಗಿನ ತೇವ. ಸಕ್ಕರೆಯೂ ಮೈದಾವೂ ಗಾಳಿಯಿಂದ ನೀರು ಎಳೆದುಕೊಳ್ಳುತ್ತವೆ. ಸಾಗರ, ಹೊಸನಗರದ ಕಡೆ ಜುಲೈನಲ್ಲಿ ಉಪ್ಪಿನ ಭರಣಿಯೇ ನೀರು ಬಿಡುತ್ತದೆ ಅಂದಮೇಲೆ ಬಿಸ್ಕತ್ತಿನ ಗತಿ ಏನು? ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಓವನ್ ಒಳಗೇ ಆರಿಸುವುದು. ಮಾಮೂಲಿಗಿಂತ ಎರಡು ನಿಮಿಷ ಮೊದಲೇ ಓವನ್ ಆಫ್ ಮಾಡಿ. ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ, ಒಂದು ಬೆರಳಷ್ಟು ತೆರೆದು ಬಿಡಿ. ಒಳಗಿನ ಬಿಸಿ ಇಳಿಯುತ್ತಾ ಬಿಸ್ಕತ್ತನ್ನು ಒಣಗಿಸುತ್ತದೆ, ಹಬೆ ಸಂದಿಯಿಂದ ಹೋಗುತ್ತದೆ. ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಕೈಗೆ ಬಿಸಿ ತಾಗದಿದ್ದಾಗ ನೇರ ಡಬ್ಬಿಗೆ. ತಳ ಬೇಗ ಕಪ್ಪಾಗುವ ಓವನ್ ಆದರೆ ಮೂರು ನಿಮಿಷ ಮೊದಲೇ ಆಫ್ ಮಾಡಿ.

ಡಬ್ಬಿಯನ್ನೂ ಪರೀಕ್ಷಿಸಬೇಕು. ಸುಟ್ಟ ಹಪ್ಪಳದ ಒಂದು ಚೂರು ಒಳಗೆ ಹಾಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಪ್ಪಳ ಮುರಿಯುವ ಬದಲು ಬಾಗಿದರೆ ಆ ಡಬ್ಬಿ ಮಳೆಗಾಲಕ್ಕೆ ಆಗುವುದಿಲ್ಲ. ಸ್ಟೀಲ್ ಡಬ್ಬಿಗಳು ನೋಡಲು ಗಟ್ಟಿ, ಮುಚ್ಚಳ ಮಾತ್ರ ಗಾಳಿ ಬಿಡುತ್ತದೆ. ತಿರುಪು ಮುಚ್ಚಳದ ಹಳೇ ಹಾರ್ಲಿಕ್ಸ್ ಬಾಟಲಿಗಳು ಈ ಕೆಲಸಕ್ಕೆ ತುಂಬಾ ಒಳ್ಳೆಯವು. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ನಾಲ್ಕು ಇಟ್ಟುಕೊಳ್ಳಿ. ಮಕ್ಕಳು ಪ್ರತಿ ಸಲ ಮುಚ್ಚಳ ತೆರೆದಾಗ ಒಂದು ಡಬ್ಬಿಗಷ್ಟೇ ತೇವ ಹೋಗುತ್ತದೆ. ಅಕ್ಕಿಯನ್ನು ಬಿಸಿಯಾಗಿ ಹುರಿದು, ಪೂರ್ತಿ ಆರಿಸಿ, ಸಣ್ಣ ಬಟ್ಟೆ ಗಂಟಿನಲ್ಲಿ ಕಟ್ಟಿ ತಳದಲ್ಲಿಟ್ಟರೆ ಸ್ವಲ್ಪ ತೇವ ಹೀರುತ್ತದೆ. ಸೌದೆ ಒಲೆ ಇರುವ ಮನೆಯಲ್ಲಿ ಒಲೆ ಮೇಲಿನ ಅಟ್ಟ ಒಣ ಜಾಗ, ನಿಜ. ಆದರೆ ಬಿಸ್ಕತ್ತಿನ ತುಪ್ಪ ಹೊಗೆ ವಾಸನೆ ಬೇಗ ಹಿಡಿಯುತ್ತದೆ. ಬಿಗಿ ಮುಚ್ಚಳ ಇದ್ದರೆ ಮಾತ್ರ ಅಲ್ಲಿಡಿ. ಫ್ರಿಜ್ ಬೇಡವೇ ಬೇಡ. ತಣ್ಣನೆ ಬಿಸ್ಕತ್ತು ಹೊರಗೆ ತೆಗೆದ ಕೂಡಲೇ ಮೇಲೆ ನೀರು ಕಟ್ಟುತ್ತದೆ.

ಬಣ್ಣ ಬರದಿದ್ದರೆ, ತಳ ಮಾತ್ರ ಕಪ್ಪಾದರೆ

ರೆಸಿಪಿಯಲ್ಲಿ 16 ನಿಮಿಷ ಅಂತ ಇದೆ, 25 ನಿಮಿಷವಾದರೂ ಬಿಸ್ಕತ್ತು ಬೆಳ್ಳಗೇ ಇದೆ. ಹೀಗಾದಾಗ ಫ್ರಿಜ್‌ನ ಸ್ಟೆಬಿಲೈಜರ್ ಮೇಲೆ ಓಡುವ ಅಂಕಿ ನೋಡಿ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳು ಓಡುವಾಗ, ಸಂಜೆ ಎಲ್ಲರ ಮನೆ ದೀಪ ಹತ್ತಿದಾಗ, ಲೈನಿನ ಕೊನೆಯಲ್ಲಿರುವ ಮನೆಗಳಿಗೆ ವೋಲ್ಟೇಜ್ ಬೀಳುತ್ತದೆ. ಓವನ್‌ನ ಕಾಯಿಲ್‌ಗೆ ಇದು ನಾವು ಎಣಿಸಿದ್ದಕ್ಕಿಂತ ದೊಡ್ಡ ಪೆಟ್ಟು. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 1,500 ವ್ಯಾಟ್ ಕೊಡುವ ಓವನ್, 190 ವೋಲ್ಟ್‌ಗೆ ಬಂದಾಗ ಕೊಡುವುದು 1,020 ವ್ಯಾಟ್‌ನಷ್ಟು ಮಾತ್ರ. ಮೂರನೇ ಒಂದು ಪಾಲು ಶಾಖವೇ ಮಾಯ. ಗುಂಡಿ 165ರಲ್ಲೇ ಇರುತ್ತದೆ, ಒಳಗೆ ಮಾತ್ರ ಅಷ್ಟು ಬಿಸಿ ಬರಲು ತುಂಬಾ ಹೊತ್ತು ಹಿಡಿಯುತ್ತದೆ. ಬಾಗಿಲು ತೆರೆದಾಗ ಇಳಿದ ಬಿಸಿ ಮತ್ತೆ ಏರಲೂ ಹೊತ್ತು.

ಮದ್ದು ಸರಳ. ವೋಲ್ಟೇಜ್ ಚೆನ್ನಾಗಿರುವ ಹೊತ್ತು ಯಾವುದು ಅಂತ ನಿಮ್ಮ ಮನೆಯ ಸ್ಟೆಬಿಲೈಜರ್ ನೋಡಿಯೇ ಗುರುತು ಮಾಡಿಕೊಳ್ಳಿ, ಆಗ ಬೇಯಿಸಿ. ಪ್ರೀಹೀಟ್ 10 ನಿಮಿಷ ಅಂತ ಇದ್ದರೆ 20 ಮಾಡಿ. ತೆಳು ವಯರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಓವನ್ ಸಿಕ್ಕಿಸಬೇಡಿ. ವಯರಿನಲ್ಲೂ ವೋಲ್ಟೇಜ್ ಸೋರುತ್ತದೆ, ಅದಕ್ಕಿಂತ ಮುಖ್ಯ, ವಯರ್ ಬಿಸಿಯಾಗಿ ಅಪಾಯ. 16 ಆಂಪ್ಸ್‌ನ ದೊಡ್ಡ ಪ್ಲಗ್ಗೇ ಬೇಕು.

ವೋಲ್ಟೇಜ್ ಸರಿಯಿದ್ದೂ ಬಣ್ಣ ಬರದಿದ್ದರೆ ಓವನ್ ಗುಂಡಿ ಸುಳ್ಳು ಹೇಳುತ್ತಿರಬಹುದು. ಒಳಗಿಡುವ ಓವನ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ 15 ನಿಮಿಷ ಇಡಿ. 175ರಲ್ಲಿ ಸಕ್ಕರೆ ಹರಳಾಗೇ ಉಳಿಯಬೇಕು, 190ರಲ್ಲಿ ಕರಗಬೇಕು. 175ರಲ್ಲೇ ಕರಗಿದರೆ ಓವನ್ ಬಿಸಿ ಜಾಸ್ತಿ, 190ರಲ್ಲೂ ಕರಗದಿದ್ದರೆ ಕಡಿಮೆ. ಎಷ್ಟು ವ್ಯತ್ಯಾಸ ಅಂತ ಗೊತ್ತಾದರೆ ಗುಂಡಿಯನ್ನು ಅಷ್ಟು ಹಿಂದೆ ಮುಂದೆ ಇಟ್ಟುಕೊಂಡರಾಯಿತು. ಓವನ್ ಬದಲಿಸಬೇಕಿಲ್ಲ.

ತಳ ಕಪ್ಪು, ಮೇಲೆ ಬಿಳಿ ಆದರೆ ಟ್ರೇಯನ್ನು ನಡು ಮೆಟ್ಟಿಲಿಗೆ ಏರಿಸಿ, ಎರಡೂ ಕಾಯಿಲ್ ಆನ್ ಇದೆಯೇ ನೋಡಿ. ಕಪ್ಪು ಟ್ರೇ ಶಾಖ ಜಾಸ್ತಿ ಹೀರುತ್ತದೆ, ತಿಳಿ ಬಣ್ಣದ ಅಲ್ಯೂಮಿನಿಯಂ ನಿಧಾನ. ಕಪ್ಪು ಟ್ರೇ ಒಂದೇ ಇದ್ದರೆ ಅದರ ಕೆಳಗೆ ಇನ್ನೊಂದು ಟ್ರೇ ಜೋಡಿಸಿ ಇಡಿ. ಟ್ರೇ ಸುತ್ತ ಎರಡು ಬೆರಳಷ್ಟಾದರೂ ಜಾಗ ಬಿಡಬೇಕು, ಇಲ್ಲದಿದ್ದರೆ ಕೆಳಗಿನ ಬಿಸಿ ಮೇಲೆ ಬರುವುದಿಲ್ಲ. ಕುಕ್ಕರ್‌ನಲ್ಲಿ ಮಾಡುವವರಿಗೆ ಈ ದೋಷ ಇದ್ದೇ ಇರುತ್ತದೆ, ಯಾಕೆಂದರೆ ಬಿಸಿ ಬರುವುದು ಕೆಳಗಿನಿಂದ ಮಾತ್ರ. ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಅಥವಾ ಮರಳು ದಪ್ಪಗೆ ಹಾಕಿ, ಎತ್ತರದ ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ಮಾಡಿ. ಮೇಲೆ ಹೊಂಬಣ್ಣ ಬರಲೇಬೇಕು ಅಂತ ಹಟ ಹಿಡಿದರೆ ತಳ ಸುಡುತ್ತದೆ. ಮುರಿದು ನೋಡಿ ಒಳಗೆ ಬೆಂದಿದ್ದರೆ ಇಳಿಸಿಬಿಡಿ. ಮೈಕ್ರೋವೇವ್‌ನಲ್ಲಾದರೆ ಕನ್ವೆಕ್ಷನ್ ಮೋಡ್‌ನಲ್ಲೇ ಮಾಡಬೇಕು. ಸುಮ್ನೆ ಮೈಕ್ರೋ ಒತ್ತಿದರೆ ಬಣ್ಣ ಬರುವುದೇ ಇಲ್ಲ.

ಕಾಯಿ, ಜೋನಿ ಬೆಲ್ಲ, ಹಲಸು

ಮನೆಯ ಹಿತ್ತಲಲ್ಲಿ ಸಿಗುವುದನ್ನು ಬಿಸ್ಕತ್ತಿಗೆ ಹಾಕಬೇಕು ಅನ್ನಿಸುವುದು ಸಹಜ. ಹಾಕಿ. ಆದರೆ ಮೂರರಲ್ಲೂ ನೀರಿದೆ.

ಹಸಿ ತೆಂಗಿನಕಾಯಿ ತುರಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ನೀರೇ. ಅಂಗಡಿಯಲ್ಲಿ ಸಿಗುವ ಒಣ ಪುಡಿಯಲ್ಲಿ ತುಂಬಾ ಕಡಿಮೆ. ಒಣ ಪುಡಿಯ ರೆಸಿಪಿಗೆ ಹಸಿ ತುರಿ ಹಾಕಿದರೆ ಬಿಸ್ಕತ್ತು ಮೆತ್ತಗೆ, ಎರಡು ಮೂರು ದಿನದಲ್ಲಿ ವಾಸನೆ. ತುರಿಯನ್ನು ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದ ಹಾಗೆ, ಕೈಗೆ ಮರಳಿನಂತೆ ಉದುರುವ ತನಕ ಹುರಿಯಿರಿ. ಆಮೇಲೆ ತೂಕ ಮಾಡಿ ಹಾಕಿ. ಕೊಬ್ಬರಿ ಇದ್ದರೆ ಈ ಕೆಲಸವೇ ಬೇಡ.

ಪಾಕದ ಹಾಗೆ ಹರಿಯುವ ಜೋನಿ ಬೆಲ್ಲದ ಪರಿಮಳಕ್ಕೆ ಸಾಟಿ ಇಲ್ಲ. ಆದರೆ ಸಕ್ಕರೆ ಪುಡಿಯ ಜಾಗದಲ್ಲಿ ಪೂರ್ತಿ ಜೋನಿ ಬೆಲ್ಲ ಸುರಿದರೆ ಹಿಟ್ಟು ಅಂಟಾಗುತ್ತದೆ, ಬಿಸ್ಕತ್ತು ಜಗಿಯುವ ಹಾಗಾಗುತ್ತದೆ. ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಗಾಳಿಯ ತೇವವನ್ನು ಸಕ್ಕರೆಗಿಂತ ಜಾಸ್ತಿ ಎಳೆಯುತ್ತವೆ. ಹಾಗಾಗಿ ಇದು ಮಳೆಗಾಲದಲ್ಲಿ ಗರಿಗರಿ ಉಳಿಯುವ ಮಾತೇ ಇಲ್ಲ. ಸಿಹಿಯ ಮೂರನೇ ಒಂದು ಪಾಲಿಗೆ ಜೋನಿ ಬೆಲ್ಲ, ಉಳಿದದ್ದಕ್ಕೆ ಸಕ್ಕರೆ ಪುಡಿ ಹಾಕಿದರೆ ಪರಿಮಳವೂ ಬರುತ್ತದೆ, ಬಿಸ್ಕತ್ತೂ ನಿಲ್ಲುತ್ತದೆ. ಬೆಲ್ಲ ಬೇಗ ಕಪ್ಪಾಗುತ್ತದೆ, 10 ಡಿಗ್ರಿ ಇಳಿಸಿ. ಗರಿಗರಿಯೇ ಬೇಕಾದರೆ ಅಚ್ಚು ಬೆಲ್ಲ ತುರಿದು ಒಣಗಿಸಿ ಪುಡಿ ಮಾಡಿ.

ಹಲಸಿನ ಹಣ್ಣಿನ ಸಣ್ಣ ಕಪ್ ಕೇಕ್ ಮಾಡಿ, ಒಳಗೆ ಅಂಟಂಟು ಉಳಿಯಿತು ಅಂತ ಕೇಳುವವರು ಬಹಳ. ಕಡುಬಿಗೆ ರುಬ್ಬಿದ ಹಣ್ಣನ್ನೇ ಕೇಕಿಗೂ ಹಾಕಿರುತ್ತಾರೆ. ಕಡುಬಿನಲ್ಲಿ ಅಕ್ಕಿ ರವೆ ಆ ನೀರನ್ನೆಲ್ಲ ಕುಡಿಯುತ್ತದೆ. ಕೇಕಿನ ಮೈದಾ ಅಷ್ಟು ಕುಡಿಯಲಾರದು. ರುಬ್ಬಿದ ಹಣ್ಣನ್ನು ಬಾಣಲೆಯಲ್ಲಿ ಅರ್ಧದಷ್ಟಾಗುವ ತನಕ ಕಾಯಿಸಿ, ಆರಿಸಿ, ಆಮೇಲೆ ಬಳಸಿ. ಗಟ್ಟಿ ತೊಳೆಯ ಬಕ್ಕೆ ಹಣ್ಣಾದರೆ ರುಬ್ಬದೆ ಸಣ್ಣಗೆ ಹೆಚ್ಚಿ ಹಾಕುವುದು ಇನ್ನೂ ಒಳ್ಳೆಯದು.

ಇನ್ನು ಕೆಲವು

ಆರಿದ ಮೇಲೂ ಮುಟ್ಟಿದರೆ ಪುಡಿಪುಡಿ ಆದರೆ ಕಡಲೆಹಿಟ್ಟು, ರವೆ ಜಾಸ್ತಿಯಾಗಿರಬಹುದು. ರಾಗಿ ಬಿಸ್ಕತ್ತಿಗೂ ಇದೇ ಪಾಡು, ಏಕೆಂದರೆ ರಾಗಿಯಲ್ಲಿ ಹಿಡಿದಿಡುವ ಅಂಟು ಇಲ್ಲ. ಅರ್ಧ ಮೈದಾ ಅಥವಾ ಗೋಧಿ ಹಿಟ್ಟು ಸೇರಿಸಿ. ಕಲ್ಲಿನಷ್ಟು ಗಟ್ಟಿಯಾದರೆ ಹಾಲೋ ನೀರೋ ಹಾಕಿ ಜಾಸ್ತಿ ನಾದಿದ್ದೀರಿ, ಇಲ್ಲವೇ ಜಾಸ್ತಿ ಬೇಯಿಸಿದ್ದೀರಿ. ಬಾಯಲ್ಲಿ ಸಾಬೂನಿನ ರುಚಿ ಬಂದರೆ ಸೋಡಾ ಜಾಸ್ತಿ. ಮೇಲೆ ಹಳದಿ ಕಂದು ಚುಕ್ಕೆ ಕಂಡರೆ ಸೋಡಾ ಜರಡಿಯಾಗದೆ ಗಂಟು ಉಳಿದಿದೆ. ಮಳೆಗಾಲದಲ್ಲಿ ತೆರೆದಿಟ್ಟ ಬೇಕಿಂಗ್ ಪೌಡರ್ ಬೇಗ ಸಾಯುತ್ತದೆ. ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿದರೆ ಜೋರಾಗಿ ನೊರೆ ಬರಬೇಕು. ಸೋಡಾಗೆ ಬಿಸಿನೀರಿನ ಬದಲು ನಿಂಬೆರಸ. ಕಡಲೆಹಿಟ್ಟಿನ ಹಸಿ ವಾಸನೆ ಉಳಿದರೆ ಮುಂದಿನ ಸಲ ಹಿಟ್ಟನ್ನು ಚೂರು ಹುರಿದು, ಆರಿಸಿ ಹಾಕಿ.

ಕಪ್ ಕೇಕ್ ಕುಸಿದರೆ, ಕರೆಂಟು ಹೋದರೆ

ನಡುವೆ ಗುಳಿ ಬಿದ್ದ ಕಪ್ ಕೇಕಿಗೆ ಕಡ್ಡಿ ಚುಚ್ಚಿ. ಹಸಿ ಹಿಟ್ಟು ಅಂಟಿದರೆ ಬೇಯುವ ಮೊದಲೇ ತೆಗೆದಿದ್ದೀರಿ ಅಥವಾ ಬಾಗಿಲು ತೆರೆದು ಇಣುಕಿದ್ದೀರಿ. ಕಡ್ಡಿ ಒಣಗಿ ಬಂದೂ ಗುಳಿ ಇದ್ದರೆ ಬೇಕಿಂಗ್ ಪೌಡರ್ ಜಾಸ್ತಿ. ಮೇಲೆ ಗೋಪುರವಾಗಿ ಬಿರಿದರೆ ಓವನ್ ಬಿಸಿ ಜಾಸ್ತಿ. ಕಾಗದಕ್ಕೆ ಅಂಟಿದರೆ ಅಚ್ಚಿನಲ್ಲೇ ಆರಲು ಬಿಟ್ಟಿದ್ದೀರಿ. ಐದು ನಿಮಿಷಕ್ಕೆ ಹೊರಗೆ ತೆಗೆದು ಜಾಲರಿ ಮೇಲಿಡಿ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಹೊಸದಲ್ಲ. ಮನೆಯ ಸಣ್ಣ ಇನ್ವರ್ಟರ್ ಓವನ್ ಎಳೆಯುವುದಿಲ್ಲ, ಪ್ರಯತ್ನಿಸಲೂ ಬೇಡಿ. ಬಿಸ್ಕತ್ತು ಹಾಕಿ ಮೂರು ನಾಲ್ಕು ನಿಮಿಷದೊಳಗೆ ಕರೆಂಟು ಹೋದರೆ ಟ್ರೇ ಹೊರಗೆ ತೆಗೆದು, ಆರಿದ ಮೇಲೆ ಫ್ರಿಜ್‌ಗೆ ಸೇರಿಸಿ, ಆಮೇಲೆ ಬೇಯಿಸಿ. ಆಕಾರ ಚೂರು ಕೆಡುತ್ತದೆ, ರುಚಿಗೆ ತೊಂದರೆ ಇಲ್ಲ. 10 ನಿಮಿಷ ಕಳೆದಿದ್ದರೆ ಬಾಗಿಲು ಮುಟ್ಟಬೇಡಿ, ಒಳಗಿನ ಬಿಸಿಯಲ್ಲೇ 15 ನಿಮಿಷ ಬಿಡಿ. ಬಹಳ ಸಲ ಅಷ್ಟರಲ್ಲೇ ಬೆಂದಿರುತ್ತದೆ. ಕಪ್ ಕೇಕ್ ಶುರುವಿನಲ್ಲೇ ನಿಂತರೆ ಉಳಿಸುವುದು ಕಷ್ಟ. ಗ್ಯಾಸ್ ಮೇಲೆ ಕುಕ್ಕರ್ ಕಾಯಿಸಿಟ್ಟಿದ್ದರೆ ತಕ್ಷಣ ಅದಕ್ಕೆ ವರ್ಗಾಯಿಸಬಹುದು, ಅಷ್ಟೆ. ಕೇಕಿನ ಹಿಟ್ಟು ಕಾಯುವುದಿಲ್ಲ, ಬಿಸ್ಕತ್ತಿನದ್ದು ಕಾಯುತ್ತದೆ. ಜೂನ್‌ನಿಂದ ಆಗಸ್ಟ್ ತನಕ ನಾನ್‌ಖಟಾಯಿ ಹಿಟ್ಟನ್ನು ಉಂಡೆ ಕಟ್ಟಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿಡಿ. ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಕರೆಂಟು ಇರುವ ಹೊತ್ತು ನೋಡಿಕೊಂಡು ಸಂಜೆ ಕಾಫಿಗೆ ಬೇಕಾದಷ್ಟೇ, ಆರೋ ಎಂಟೋ, ಬೇಯಿಸಿ. ಆಗ ಡಬ್ಬಿಯಲ್ಲಿ ಮೆತ್ತಗಾಗಲು ಉಳಿಯುವುದೂ ಇಲ್ಲ.